ಇನ್ನೂ ಎರಡು ದೋಣಿ ಬಂದಿಲ್ಲ

ನನ್ನ ಅಳಿಯನಿಗೆ ತಲೆ ಸರಿ ಇಲ್ಲ ಎಂದು ನಾನು ಹೇಳುವುದಿಲ್ಲ. ಹೇಳುವ ಧೈರ್ಯವಾದರೂ ಎಲ್ಲಿಂದ ಬರಬೇಕು? ಹೇಳಿದರೆ ನನ್ನ ಮಗಳು ಗಿರಿಜಾ ಮೊಮ್ಮಗಳನ್ನು ನನ್ನ ತೊಡೆಯ ಮೇಲಿಂದ ಎತ್ತಿಕೊಂಡು ಮಹಡಿ ಹತ್ತಿಬಿಡುತ್ತಾಳೆ! ಬೇರೆ ಯಾವ ಶಿಕ್ಷೆಯನ್ನಾದರೂ ತಡೆದುಕೊಂಡೇನು, ಅದೊಂದು ಬೇಡ. ಆ ಕೂಸು ಈ ವಾರವಷ್ಟೇ ಬೋರಲು ಬೀಳಲು ಕಲಿತಿದೆ. ಬೋರಲು ಬಿದ್ದು, ತಲೆ ಎತ್ತಿ, ಏನೋ ದೊಡ್ಡ ಗುಡ್ಡ ಹತ್ತಿ ಬಂದವಳ ಹಾಗೆ ಎಲ್ಲರ ಮುಖ ನೋಡುತ್ತದೆ. ಅಜ್ಜಿ ಅಂತ ಹೊಗಳುತ್ತಿಲ್ಲ, ಬೇಕಾದರೆ ನೀವೇ ಬಂದು ನೋಡಿ.

ಇರಲಿ, ಅಳಿಯನ ವಿಷಯಕ್ಕೆ ಬರುತ್ತೇನೆ. ಹೈದರಾಬಾದಿನಿಂದ ಸಮುದ್ರ ನೋಡಬೇಕೆಂದರೆ ಸಂಜೆ ರೈಲು ಹತ್ತಿ ಮರುದಿನ ಬೆಳಿಗ್ಗೆ ಇಳಿಯಬೇಕು. ಅಂಥ ಊರಿನಲ್ಲಿ ಇದ್ದುಕೊಂಡು, ದಿನಾ ಸ್ಕೂಟರ್ ಮೇಲೆ ಆಫೀಸಿಗೆ ಹೋಗಿ, ಅಲ್ಲಿ ಕುಳಿತು ಸಮುದ್ರ ನೋಡಿ, ಬರುವಾಗ ಮೆಂತ್ಯ ಸೊಪ್ಪು ಕೊಂಡುಕೊಂಡು ಮನೆಗೆ ಬರುವ ಮನುಷ್ಯನನ್ನು ನೀವೆಲ್ಲಾದರೂ ಕಂಡಿದ್ದೀರಾ? ನಮ್ಮ ಮನೆಯಲ್ಲಿ ಒಬ್ಬರಿದ್ದಾರೆ. ಸಮುದ್ರದ ಮೇಲೆ ಸಂಶೋಧನೆ ಮಾಡುವ ಆಫೀಸಂತೆ ಅದು. ಹಡಗಿಲ್ಲ, ಅಲೆಯಿಲ್ಲ, ಮರಳಿಲ್ಲ. ಛಾವಣಿಯ ಮೇಲೆ ದೊಡ್ಡ ಬೋಗುಣಿಯಂಥದ್ದೊಂದು ಆಕಾಶಕ್ಕೆ ಬಾಯಿ ತೆರೆದುಕೊಂಡು ಕುಳಿತಿದೆ, ಅಷ್ಟೇ.

ನಮ್ಮ ಯಜಮಾನರದು ಬೇಗಂ ಬಜಾರಿನಲ್ಲಿ ಬೆಲ್ಲ, ಹುಣಸೆಹಣ್ಣಿನ ಅಂಗಡಿ. ಅವರ ತಂದೆ ಕುಷ್ಟಗಿಯಿಂದ ಬಂದು ಇಟ್ಟ ಅಂಗಡಿ. ಅಲ್ಲಿಯ ವ್ಯಾಪಾರಸ್ಥರು ಅಳಿಯ ಏನು ಮಾಡುತ್ತಾನೆ ಎಂದು ಕೇಳಿದಾಗಲೆಲ್ಲ ನಮ್ಮವರಿಗೆ ಬೆವರು. ಪಕ್ಕದ ಅಂಗಡಿಯ ಖಾನ್ ಸಾಹೇಬರು ಒಮ್ಮೆ ಬಿಡದೆ ಕೇಳಿದರಂತೆ.

"ಜಮಾಯಿ ಕ್ಯಾ ಕಾಮ್ ಕರ್ತೆ ಸೇಠ್?"

"ಸಮಂದರ್ ದೇಖ್ತೆ."

"ಸಮಂದರ್? ಕಾಂ ಪೋ?"

"ಯಾಂಚ್. ಹೈದರಾಬಾದ್ ಮೇಂಚ್."

ಅಳಿಯ ಸಮುದ್ರ ನೋಡುತ್ತಾರೆ, ಅದೂ ಇಲ್ಲೇ ಹೈದರಾಬಾದಿನಲ್ಲೇ ಎಂದು ಕೇಳಿ ಖಾನ್ ಸಾಹೇಬರು ಬಹಳ ಹೊತ್ತು ಗಡ್ಡ ನೀವಿಕೊಂಡು, ಕಡೆಗೆ ನಮ್ಮವರ ಬೆನ್ನು ತಟ್ಟಿ, "ಅಲ್ಲಾ ಮಾಲಿಕ್ ಹೈ" ಎಂದು ಸಮಾಧಾನ ಹೇಳಿ ಕಳಿಸಿದರಂತೆ!

ನಾನು ನಾಲ್ಕನೇ ಇಯತ್ತೆಗೇ ಶಾಲೆ ಬಿಟ್ಟವಳು. ಸಮುದ್ರವನ್ನು ಕ್ಯಾಲೆಂಡರಿನಲ್ಲಿ ಬಿಟ್ಟರೆ ಬೇರೆಲ್ಲೂ ನೋಡಿಲ್ಲ. ಹಾಗಾಗಿ ಈ ಸಂಬಂಧ ಬಂದಾಗ ಹುಡುಗ ಸರಕಾರಿ ಕೆಲಸದಲ್ಲಿದ್ದಾನೆ ಎಂಬುದಷ್ಟೇ ನನ್ನ ತಲೆಗೆ ಹೋಗಿತ್ತು. ಹೆಣ್ಣು ನೋಡಲು ಬಂದ ದಿನ ನಮ್ಮ ದೊಡ್ಡ ಭಾವನವರು, ಹಣೆಯ ತುಂಬ ವಿಭೂತಿ ಬಳಿದುಕೊಂಡು, ಹುಡುಗನನ್ನು ಕೇಳಿದರು.

"ತಮ್ಮಾ, ನಿನ್ನ ಕೆಲಸ ಏನಪಾ?"

"ಮೀನು ಎಲ್ಲಿ ಕೂಡ್ಯಾವಂತ ಹೇಳೂದ್ರಿ."

"ಯಾರಿಗೆ?"

"ಹಿಡಿಯೋರಿಗೆ."

ಅವಲಕ್ಕಿ ತಿನ್ನುತ್ತಿದ್ದವರ ಚಮಚಗಳು ಅಲ್ಲಲ್ಲೇ ನಿಂತವು. ಲಿಂಗ ಕಟ್ಟಿದ ಮನೆ! ನಮ್ಮ ವಂಶದಲ್ಲಿ ಯಾರೂ ಮೀನಿನ ಮಾರ್ಕೆಟ್ಟಿನ ಹಾದಿಯನ್ನೂ ತುಳಿದವರಲ್ಲ. ಆ ಹುಡುಗನೂ ನಮ್ಮವನೇ, ಕೊರಳಲ್ಲಿ ಲಿಂಗ, ಮನೆಯಲ್ಲಿ ಬೆಳ್ಳುಳ್ಳಿಯನ್ನೂ ಸೋಮವಾರ ಮುಟ್ಟದವರು. ಭಾವನವರ ಮುಖ ವಿಭೂತಿಗಿಂತ ಬೆಳ್ಳಗಾಯಿತು. ಆಗ ನಮ್ಮ ಯಜಮಾನರು ಬಾಯಿ ಹಾಕಿದರು ನೋಡಿ, "ಅಂದ್ರ ಕಂಪ್ಯೂಟರ್ ಕೆಲಸರಿ, ಕಂಪ್ಯೂಟರ್!" ಎಂದರು. ಆ ದಿನಗಳಲ್ಲಿ ಹೈದರಾಬಾದಿನಲ್ಲಿ ಕಂಪ್ಯೂಟರ್ ಎಂದರೆ ಸಾಕಿತ್ತು, ಎಂಥ ಪಾಪವೂ ತೊಳೆದುಹೋಗುತ್ತಿತ್ತು. ಬಂಡೆಗಳಿದ್ದಲ್ಲಿ ಗಾಜಿನ ಕಟ್ಟಡಗಳು ಏಳುತ್ತಿದ್ದವು. ನಮ್ಮೂರ ಕಡೆಯ ಜನ ಗುಂಪುಗುಂಪಾಗಿ ಬಂದು ಅಲ್ಲಿ ಇಟ್ಟಿಗೆ ಹೊರುತ್ತಿದ್ದರು. ಭಾವನವರು "ಹಂಗ ಹೇಳ್ಬೇಕಲ್ಲೋ ಮತ್ತ!" ಎಂದು ಮತ್ತೆ ಚಮಚ ಎತ್ತಿದರು. ಒಳಗೆ ಗಿರಿಜಾ ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದಳು. "ಯವ್ವಾ, ಆ ಮನಷ್ಯಾಗ ಸುಳ್ಳು ಹೇಳಾಕ ಬರೂದಿಲ್ಲ. ನನಗ ಇವ್ರ ಸಾಕು" ಎಂದಳು.

ಮದುವೆಯಾಗಿ ನಮ್ಮ ಸುಲ್ತಾನ್ ಬಜಾರಿನ ಮನೆಯ ಮಹಡಿಯ ಮೇಲೇ ಇಬ್ಬರೂ ಬಿಡಾರ ಹೂಡಿದರು. ಒಂದು ದಿನ ನಾನೇ ಹೊಟ್ಟೆಯಲ್ಲಿದ್ದುದನ್ನು ಕೇಳಿಬಿಟ್ಟೆ.

"ಅಳಿಯಂದ್ರ, ಜೀವ ಎಲ್ಲಿ ಅದಾವಂತ ಕೊಲ್ಲೋರಿಗೆ ತೋರ್ಸೂದು ಪಾಪ ಅಲ್ಲೇನ್ರಿ?"

ಅವರು ನಗಲಿಲ್ಲ. ಈ ಮನುಷ್ಯ ಸುಮ್ಮಸುಮ್ಮನೆ ನಗುವವರೇ ಅಲ್ಲ.

"ಅತ್ತಿಯವ್ರ, ನಾ ಹೇಳಲಿಲ್ಲಂದ್ರೂ ಅವರು ಹೋಗವ್ರ. ಮೀನು ಹುಡುಕ್ಕೋತ ದೂರ ದೂರ ಅಲೀತಾರ, ಹೊತ್ತು ಮುಳುಗತೈತಿ, ಗಾಳಿ ಬರತೈತಿ. ಎಲ್ಲಿ ಅದಾವಂತ ಮೊದ್ಲ ಗೊತ್ತಾದ್ರ ಜಲ್ದಿ ಹೋಗಿ ಜಲ್ದಿ ಬರ್ತಾರ. ಜಲ್ದಿ ಬಂದವ್ರು ಸಾಯೂದಿಲ್ಲ."

ಅವರ ಪುರಾಣ, ಮಂತ್ರ, ಮನೆದೇವರು ಎಲ್ಲ ಇದೊಂದೇ ಮಾತು. ಕೆಲಸವನ್ನು ನನಗೆ ತಿಳಿಯುವ ಹಾಗೆ ಹೇಳಿಕೊಟ್ಟವರೂ ಅವರೇ. ಸಮುದ್ರದಲ್ಲಿ ಒಂದೊಂದು ಕಡೆ ತಳದ ತಣ್ಣನೆಯ ನೀರು ಮೇಲೆ ಬರುತ್ತದಂತೆ. ಬಂದಲ್ಲಿ ಕಣ್ಣಿಗೆ ಕಾಣದ ಹಸಿರು ಹುಟ್ಟುತ್ತದಂತೆ. ಮೇವು ಕಂಡಲ್ಲಿ ಆಡು ಕೂಡುವ ಹಾಗೆ ಅಲ್ಲಿ ಮೀನು ಕೂಡುತ್ತವೆ. ಹಿಂದೆ ಒಂದು ಜಾಗದ ನೀರು ಬಿಸಿಯೋ ತಣ್ಣಗೋ ತಿಳಿಯಬೇಕೆಂದರೆ ಹಡಗಿನಲ್ಲಿ ಅಲ್ಲಿಯವರೆಗೆ ಹೋಗಿ, ಹಗ್ಗ ಕಟ್ಟಿದ ಕ್ಯಾನ್ವಾಸ್ ಬಕೆಟ್ ಇಳಿಸಿ, ನೀರು ಸೇದಿ, ಅದರಲ್ಲಿ ಥರ್ಮಾಮೀಟರ್ ಅದ್ದಿ ನೋಡಬೇಕಿತ್ತು. ನಮ್ಮ ಅಳಿಯ ಕಲಿಯುವಾಗ ಅದನ್ನೂ ಮಾಡಿದ್ದಾರೆ, ಒಂದು ಬಕೆಟ್ ನೀರು ಸೇದುವುದು, ಒಂದು ಸಲ ವಾಂತಿ ಮಾಡುವುದು. ಈಗ ಉಪಗ್ರಹ ಮೇಲಿನಿಂದಲೇ ಇಡೀ ಸಮುದ್ರದ ಮೈ ಮುಟ್ಟಿ ನೋಡುತ್ತದೆ, ಇವರು ಅದನ್ನು ನೋಡಿ ನಕ್ಷೆ ಬರೆಯುತ್ತಾರೆ, ನಕ್ಷೆ ಫ್ಯಾಕ್ಸಿನಲ್ಲಿ ಬಂದರುಗಳಿಗೆ ಹೋಗುತ್ತದೆ.

ಆದರೆ ಆ ಉಪಗ್ರಹಕ್ಕೊಂದು ಕೊರತೆ. ಮೋಡ ಅಡ್ಡ ಬಂದರೆ ಕಣ್ಣು ಕಾಣುವುದಿಲ್ಲ! ಬೇಸಿಗೆಯೆಲ್ಲ ಬೆಂದು, ಮೊದಲ ಮಳೆಯ ಮೋಡ ಕವಿದಾಗ ನಮ್ಮ ಓಣಿಯ ಹೆಂಗಸರೆಲ್ಲ ಮಾಳಿಗೆ ಹತ್ತಿ ಮುಖ ಮೇಲೆ ಮಾಡಿ ನಿಂತರೆ, ನಮ್ಮ ಅಳಿಯ ಹೆಣದ ಮನೆಯಿಂದ ಬಂದವರ ಹಾಗೆ ಮೂಲೆಯಲ್ಲಿ ನಿಂತಿರುತ್ತಾರೆ. ಪಕ್ಕದ ಮನೆಯ ಶಾಂತಾಬಾಯಿ ನನ್ನ ಕಿವಿಯಲ್ಲಿ ಕೇಳಿದಳು.

"ನಿಮ್ಮ ಅಳಿಯಾಗ ಏನಾಗೈತ್ರಿ?"

"ಮೋಡ ಆಗೈತ್ರಿ."

"ಅಯ್ಯ, ಅದಕ್ಕ ಔಷಧ ಇಲ್ಲೇನ್ರಿ?"

ಇನ್ನು ಹುಸೇನ್ ಸಾಗರದ ಕಥೆ ಕೇಳಿ. ಕುಷ್ಟಗಿಯಿಂದ ನೆಂಟರು ಬಂದಿದ್ದರು, ಬೋಟಿನಲ್ಲಿ ಕೂಡ್ರಿಸಿಕೊಂಡು ಬನ್ನಿ ಎಂದು ಅಳಿಯನ ಜೊತೆ ಕಳಿಸಿದೆವು. ಬೋಟು ಹೊರಡುವ ಮೊದಲು ಇವರು ಎದ್ದು ನಿಂತು ತೇಲುವ ಕೋಟುಗಳು ಎಲ್ಲಿ ಎಂದು ಕೇಳಿದರು. ಬೋಟಿನವನು "ಅರೆ ಸಾಬ್, ಇಲ್ಲಿ ಯಾರು ಮುಳುಗುತ್ತಾರೆ?" ಎಂದು ನಕ್ಕ. ಅಷ್ಟೇ! ಮುಳುಗಿದವರೆಲ್ಲ ಹೊರಡುವಾಗ ಏನೇನು ಅಂದಿದ್ದರು ಎಂದು ನಮ್ಮ ಅಳಿಯ ತಗ್ಗಿದ ದನಿಯಲ್ಲಿ ಹೇಳಲು ಶುರು ಮಾಡಿದರು. ನೆಂಟರಷ್ಟೇ ಅಲ್ಲ, ಗುಜರಾತಿನಿಂದ ಬಂದ ಒಂದು ದೊಡ್ಡ ಸಂಸಾರವೂ ಎದ್ದು ಇಳಿದುಹೋಯಿತು. ನೆಂಟರಿಗೆ ಐಸ್‌ಕ್ರೀಮ್ ತಿನ್ನಿಸಿ ಕರೆತಂದರು. "ನಿಮ್ಮ ಅಳಿಯನ ಸಂಗಾಟ ತಿರುಗಾಡಾಕ ಹೋದ್ರ ಜೀವ ಉಳೀತೈತಿ, ಆದ್ರ ಹುರುಪು ಉಳೂದಿಲ್ಲ" ಎಂದು ನನ್ನ ನಾದಿನಿ ಇವತ್ತಿಗೂ ಆಡಿಕೊಳ್ಳುತ್ತಾಳೆ.

ಇದೆಲ್ಲವನ್ನೂ ನಾನು ನುಂಗಿಕೊಂಡೇನು. ನುಂಗಲಾಗದ್ದು ಊಟದ ಹೊತ್ತಿನ ಕಥೆ.

ಫೋನು ಕೆಳಗೆ ನಮ್ಮ ಮನೆಯಲ್ಲಿದೆ, ಅಡುಗೆಮನೆಯ ಬಾಗಿಲ ಪಕ್ಕದ ಗೋಡೆಗೆ. ಸಂಜೆ ದೀಪ ಹಚ್ಚುವ ಹೊತ್ತಿಗೆ ಅಳಿಯ ಇಳಿದು ಬಂದು ಸ್ಟೂಲಿನ ಮೇಲೆ ಕುಳಿತು ಒಂದು ನಂಬರು ತಿರುಗಿಸುತ್ತಿದ್ದರು. ಕಾಕಿನಾಡದ ಕಡೆಯ ಒಂದು ಸಣ್ಣ ಬಂದರು ಅದು. ದಡದಲ್ಲಿ ಒಂದು ಎಸ್‌ಟಿಡಿ ಬೂತು, ಬೂತಿನಲ್ಲಿ ನೂಕಮ್ಮ ಎಂಬ ಮೀನುಗಾರರ ಹೆಂಗಸು. ಕಲಿಯುವ ದಿನಗಳಲ್ಲಿ ಇವರು ಬಕೆಟ್ಟು, ಥರ್ಮಾಮೀಟರ್ ಹಿಡಿದುಕೊಂಡು ಆಕೆಯ ಮನೆಯಲ್ಲೇ ಇದ್ದರು. ಲಿಂಗಾಯತರ ಹುಡುಗ ಉಪವಾಸ ಬೀಳಬಾರದೆಂದು ಆಕೆ ಹೊಸ ಗಡಿಗೆ ತಂದು, ಬೇರೆ ಒಲೆ ಹೂಡಿ, ಇವರಿಗೆ ಬೇಳೆ ಬೇಯಿಸಿ ಹಾಕಿದವಳು. ಆಕೆಯ ಮಗ ಸತ್ತಿಬಾಬು ಇವರನ್ನು ತನ್ನ ದೋಣಿಯಲ್ಲಿ ಕರೆದುಕೊಂಡು ಹೋಗಿ, ಇವರು ಅಂಚಿಗೆ ಬಾಗಿ ವಾಂತಿ ಮಾಡುವಾಗ ಸೊಂಟದ ಬೆಲ್ಟು ಹಿಡಿದುಕೊಂಡು ನಿಲ್ಲುತ್ತಿದ್ದನಂತೆ.

ನಕ್ಷೆ ಎಲ್ಲ ಬಂದರುಗಳಿಗೂ ಹೋಗುತ್ತದೆ, ಎಲ್ಲರನ್ನೂ ಕೇಳಲಾಗುವುದಿಲ್ಲ. ಇದೊಂದು ಬಂದರನ್ನು ಮಾತ್ರ ಇವರು ದಿನಾ ಕೇಳುತ್ತಿದ್ದರು, ಹೋದವರೆಲ್ಲ ತಿರುಗಿ ಬಂದರಾ ಎಂದು. ಆಫೀಸು ಕೇಳು ಎಂದಿರಲಿಲ್ಲ. ಎಲ್ಲರೂ ಬರುವ ತನಕ ಈ ಮನುಷ್ಯ ಊಟಕ್ಕೆ ಕೂಡುತ್ತಿರಲಿಲ್ಲ!

"ಅಳಿಯಂದ್ರ, ರೊಟ್ಟಿ ಆರಾಕತ್ತಾವ, ಬರ್ರಿ."

"ಇನ್ನೂ ಎರಡು ದೋಣಿ ಬಂದಿಲ್ಲರಿ ಅತ್ತಿಯವ್ರ."

ಇದು ಉತ್ತರವೇ? ಇತ್ತ ಸುಲ್ತಾನ್ ಬಜಾರಿನಲ್ಲಿ ಬಳೆ ಅಂಗಡಿಯ ದೀಪಗಳು, ರಿಕ್ಷಾದವರ ಬೈಗುಳ, ಅತ್ತ ನನ್ನ ಒಲೆಯ ಮೇಲೆ ಎಣ್ಣೆಗಾಯಿ, ನಡುವೆ ಇವರ ದೋಣಿ! ನಮ್ಮ ಯಜಮಾನರು ಹಸಿವು ತಡೆಯದವರು. ಅವರೂ ಅಳಿಯನಿಗೆ ಮರ್ಯಾದೆಯೆಂದು ಕಾದು ಕಾದು, ಕಡೆಗೆ ಬಂದರು ಎಲ್ಲಿದೆಯೆಂದು ಗೊತ್ತಿಲ್ಲದೆಯೇ ಅಲ್ಲಿಯ ದೋಣಿಗಳ ಹೆಸರು ಕಲಿತುಬಿಟ್ಟರು. "ಆ ಗಂಗಮ್ಮತಲ್ಲಿ ಬಂತೇನ್ರಿ? ಹಾಳಾದ್ದು ದಿನಾ ಅದರದ ತಡ!" ಎಂದು ಅಂಗಡಿಯಿಂದ ಬಂದ ಕೂಡಲೇ ಕೇಳುತ್ತಿದ್ದರು.

ಅಳಿಯ ತಡವಾಗಿ ಬಂದ ದಿನ ಫೋನು ನನ್ನ ಪಾಲಿಗೆ ಬರುತ್ತಿತ್ತು. ನೂಕಮ್ಮನದು ತೆಲುಗು, ನನ್ನದು ಬಜಾರಿನ ತೆಲುಗು. ಆಕೆಯ ಮಾತನ್ನು ಇಲ್ಲಿ ನಮ್ಮ ಮಾತಿಗೆ ತಿರುಗಿಸಿ ಬರೆಯುತ್ತಿದ್ದೇನೆ. ಗಿರಿಜಾ ಬಸುರಿ ಎಂದು ತಿಳಿದ ಮೇಲಂತೂ ಆಕೆಯ ಉಪದೇಶಕ್ಕೆ ಕೊನೆಯೇ ಇರಲಿಲ್ಲ.

"ಹೆರಿಗಿ ಆದ ಮ್ಯಾಲ ಮರಿ ಸೊರ ಮೀನಿನ ಪುಡಿ ಮಾಡಿ ಹಾಕವ್ವ, ಎದಿಹಾಲು ಹೊಳಿ ಹರಿದಂಗ ಬರ್ತಾವ!"

"ಶಿವ ಶಿವಾ! ಏನಂತ ಮಾತಾಡ್ತೀಯೇ ತಂಗಿ!"

"ಅಯ್ಯ, ಮರ್ತ್ಯಾ. ನೀವು ಸೊಪ್ಪು ತಿನ್ನೋ ಮಂದಿ. ಹಂಗಾರ ಪಾಪ, ಬೆಳ್ಳುಳ್ಳಿನ ಗತಿ."

ಆಕೆಗೆ ನಮ್ಮ ಬಗ್ಗೆ ನಿಜವಾಗಿ ಮರುಕವಿತ್ತು!

ಆ ದಿನಗಳಲ್ಲೇ ಅಳಿಯನ ಜೊತೆ ಓದಿದ ಗೆಳೆಯನೊಬ್ಬ ಹೊಸ ಕಾರಿನಲ್ಲಿ ಬಂದ. ಅವನೂ ಮೊದಲು ಸಮುದ್ರದವನೇ, ಈಗ ಗಾಜಿನ ಕಟ್ಟಡಕ್ಕೆ ಸೇರಿಕೊಂಡಿದ್ದ. ನೀನೂ ಬಾ, ನಾಳೆಯೇ ಕೆಲಸ ಕೊಡಿಸುತ್ತೇನೆ ಎಂದ. ನಾನು ಚಹಾದ ಜೊತೆ ಒಂದು ಉಂಡೆ ಹೆಚ್ಚಿಗೆ ಇಟ್ಟೆ. ಅಳಿಯ ಒಂದೇ ಪ್ರಶ್ನೆ ಕೇಳಿದರು.

"ಅಲ್ಲಿ ತಪ್ಪಾದ್ರ ಏನಾಗತೈತಿ?"

"ಏನೂ ಆಗೂದಿಲ್ಲೋ. ಮತ್ತ ಬರೀತೀವಿ."

"ಮತ್ತ ಬರದ್ರ ಸರಿ ಹೋಗತೈತಿ?"

"ಹೂಂ ಮತ್ತ!"

ಅಳಿಯ ತಲೆಯಾಡಿಸಿ, "ಛೊಲೊ ಕೆಲಸ ಬಿಡು" ಎಂದು ಗಡಿಯಾರ ನೋಡಿ ಫೋನಿನ ಹತ್ತಿರ ಹೋಗಿ ಕುಳಿತರು. ನಾನು ಉಂಡೆ ಕೊಟ್ಟಿದ್ದು ದಂಡ!

ಇಲ್ಲಿಯವರೆಗೆ ನಗುತ್ತ ಬರೆದೆ. ಮುಂದಿನದನ್ನು ಬರೆಯದೆ ಬಿಡೋಣವೆಂದರೆ ನನ್ನ ಮೊಮ್ಮಗಳು ಹುಟ್ಟಿದ ಕಥೆಯೂ ಅದರಲ್ಲೇ ಸಿಕ್ಕಿಕೊಂಡಿದೆ, ಬಿಡಿಸಲು ಬರುವುದಿಲ್ಲ.

ಗಿರಿಜಾಳ ದಿನ ತುಂಬಿತ್ತು. ಒಂದು ವಾರ ಮೋಡ ಮುಸುಕಿ, ಆಮೇಲೆ ಆಕಾಶ ತೊಳೆದಿಟ್ಟ ತಟ್ಟೆಯ ಹಾಗಾಯಿತು. ಅಳಿಯ ಆಫೀಸಿನಿಂದ ಬಂದವರೇ ಅಡುಗೆಮನೆಯ ಬಾಗಿಲಲ್ಲಿ ನಿಂತು, "ಅತ್ತಿಯವ್ರ, ಇವತ್ತಿನಂಥಾ ನಕ್ಷಾ ಈ ವರ್ಷ ಬಂದಿಲ್ಲ" ಎಂದರು. ಆ ಮುಖದಲ್ಲಿ ನಾನು ನಗು ಕಂಡದ್ದೇ ಅಪರೂಪ. ಮರುದಿನ ಬೆಳಗಾಗುವ ಮೊದಲೇ ದೋಣಿಗಳು ಆ ನಕ್ಷೆಯ ಜಾಗಕ್ಕೆ ಹೋದವು. ಮಧ್ಯಾಹ್ನದ ಮೇಲೆ ಗಾಳಿ ಎದ್ದಿತು.

ಸಂಜೆ ಫೋನಿನಲ್ಲಿ ನೂಕಮ್ಮ ಹೇಳಿದಳು, ಬಂದ ದೋಣಿಗಳೆಲ್ಲ ಅಂಚಿನವರೆಗೆ ಮೀನು ತುಂಬಿಕೊಂಡು ಬಂದಿವೆ, ಅಂಥ ಮೀನು ಎಷ್ಟೋ ವರ್ಷದಿಂದ ಕಂಡಿಲ್ಲ. ಇನ್ನೂ ಎರಡು ಬಂದಿಲ್ಲ ಅಷ್ಟೆ. ಸ್ವಲ್ಪ ಹೊತ್ತಿಗೆ ಅದರಲ್ಲೊಂದು ಬಂತು. ಬಾರದೆ ಉಳಿದದ್ದು ಸತ್ತಿಬಾಬುವಿನದು. ಕೊನೆಗೆ ಬಂದ ದೋಣಿಯವರು ಹೇಳಿದರಂತೆ, "ಆಕಾಶ ನೋಡು, ತಿರುಗೋಣ" ಎಂದು ಕೂಗಿದೆವು, ಸತ್ತಿಬಾಬು "ಒಂದು ಬಲೆ ಹಾಕಿ ಬರ್ತೀನಿ, ಇಂಥ ಮೀನು ಮತ್ತೆ ಯಾವಾಗ ಸಿಗ್ತಾವೋ" ಎಂದ ಎಂದು.

ಆ ರಾತ್ರಿ ನಮ್ಮ ಮನೆಯಲ್ಲಿ ಯಾರೂ ಉಣ್ಣಲಿಲ್ಲ. ಬೆಳಗಾಗುವ ಹೊತ್ತಿಗೆ ಗಿರಿಜಾಳಿಗೆ ನೋವು ಶುರುವಾಯಿತು. ಆಟೋ ತರಿಸಿದೆವು. ಅಳಿಯ ಒಂದು ಕಾಲು ಹೊಸ್ತಿಲ ಒಳಗೆ, ಒಂದು ಕಾಲು ಹೊರಗೆ ಇಟ್ಟು ನಿಂತಿದ್ದರು. ಗಿರಿಜಾ ನೋವಿನ ನಡುವೆಯೇ, "ನೀವು ಫೋನ್ ಹತ್ರ ಇರ್ರಿ. ನನ್ನ ಹತ್ರ ಯವ್ವ ಅದಾಳ. ಆಕಿ ಹತ್ರ ಯಾರದಾರ?" ಎಂದಳು. ನನ್ನ ಹೊಟ್ಟೆಯಲ್ಲಿ ಹುಟ್ಟಿದವಳೇ ಇವಳು ಎಂದು ನಾನು ನೋಡುತ್ತ ನಿಂತೆ.

ಹೆಣ್ಣು ಮಗು! ಮಧ್ಯಾಹ್ನ ಹುಟ್ಟಿತು, ತಲೆಯ ತುಂಬ ಕೂದಲು, ಬಿಗಿಹಿಡಿದ ಮುಷ್ಟಿ, ದನಿಯೋ ಬೇಗಂ ಬಜಾರಿನ ಹಮಾಲರಿಗೆ ದಾರಿ ಬಿಡಿಸುವಂಥದ್ದು. ನಾನು ಆಸ್ಪತ್ರೆಯ ವರಾಂಡದಲ್ಲಿ ಕುಣಿದುಬಿಟ್ಟೆ. ಸತ್ಯವಾಗಿಯೂ ಕುಣಿದೆ! ನರ್ಸು ಬಂದು, "ಅಮ್ಮಾ, ಇದು ಆಸ್ಪತ್ರಿ" ಎಂದಳು. "ಗೊತ್ತೈತಿ ತಾಯಿ, ಅದಕ್ಕ ಸಣ್ಣಗ ಕುಣಿಯಾಕತ್ತೀನಿ" ಎಂದೆ. ನಮ್ಮ ಯಜಮಾನರು ಪೇಡೆ ತಂದು ಗೊತ್ತಿಲ್ಲದವರ ಬಾಯಿಗೂ ಹಾಕಿದರು.

ಸಂಜೆ ಅಳಿಯ ಬಂದರು. ಅಲ್ಲಿಂದ ಸುದ್ದಿ ಇಲ್ಲ ಎಂಬುದನ್ನು ಮುಖವೇ ಹೇಳುತ್ತಿತ್ತು. ನಾನು ಕೂಸನ್ನು ಬಟ್ಟೆಯಲ್ಲಿ ಸುತ್ತಿ ಅವರ ಮುಂದೆ ಹಿಡಿದೆ. ಅವರು ಎರಡೂ ಕೈ ಬೆನ್ನ ಹಿಂದೆ ತೆಗೆದುಕೊಂಡರು.

"ಕೈ ತೊಳ್ಕೊಂಡಿಲ್ಲರಿ ಅತ್ತಿಯವ್ರ."

ಶುಚಿಯ ಮನುಷ್ಯ ಎಂದುಕೊಂಡೆ. ಮರುದಿನ "ನೆಗಡಿ ಆಗೈತ್ರಿ" ಎಂದರು. ಅದರ ಮರುದಿನ "ಸ್ಕೂಟರಿನ ಎಣ್ಣಿ ಹತ್ತೈತ್ರಿ". ಒಬ್ಬ ಮನುಷ್ಯನ ಕೈಗೆ ಎಷ್ಟು ರೋಗ!

ಸಮುದ್ರ ಸತ್ತಿಬಾಬುವಿನ ದೋಣಿಯ ಒಂದು ಡೀಸೆಲ್ ಡಬ್ಬಿಯನ್ನು ದಡಕ್ಕೆ ತಂದು ಹಾಕಿತು. ಮನುಷ್ಯರನ್ನು ಕೊಡಲಿಲ್ಲ. ಅಳಿಯ ಆಫೀಸಿನಲ್ಲಿ ಆ ದಿನದ ನಕ್ಷೆಯನ್ನು ತೆಗೆದು ಮತ್ತೆ ಮತ್ತೆ ನೋಡಿದರಂತೆ, ದೊಡ್ಡವರಿಗೂ ತೋರಿಸಿದರಂತೆ. ಅವರೆಲ್ಲ ನಕ್ಷೆ ಬರೋಬ್ಬರಿ ಇದೆ, ಎಳ್ಳಷ್ಟೂ ತಪ್ಪಿಲ್ಲ ಎಂದು ಬೆನ್ನು ತಟ್ಟಿ ಕಳಿಸಿದರಂತೆ. ಮನೆಗೆ ಬಂದು ಹೆಂಡತಿಗೆ ಅದನ್ನೇ ಹೇಳಿದರು.

"ತಪ್ಪಿದ್ರ ಛೊಲೊ ಇತ್ತು ಗಿರಿಜಾ. ಮೀನು ಸಿಗದಿದ್ರ ಅಂವ ಜಲ್ದಿ ಬರ್ತಿದ್ದ."

ನಮ್ಮ ಯಜಮಾನರು ಸಮಾಧಾನ ಹೇಳಲು ಹೋದರು. "ಅಲ್ಲರಿ, ಈಗ ನಾ ಹುಣಸಿಹಣ್ಣು ಮಾರ್ತೀನಿ. ಅದನ್ನ ತಿಂದು ಯಾರಿಗರ ಹೊಟ್ಟಿ ನೋವು ಬಂತಂದ್ರ..." ಎಂದು ಶುರು ಮಾಡಿ, ಆ ಮಾತು ಎಲ್ಲಿಗೆ ಹೋಗುತ್ತದೆ ಎಂದು ತಮಗೇ ತಿಳಿಯದೆ, ರುಮಾಲು ಕೊಡವಿ ಹೆಗಲಿಗೆ ಹಾಕಿಕೊಂಡು ಅಂಗಡಿಗೆ ಹೋಗಿಬಿಟ್ಟರು.

ಅಂದಿನಿಂದ ಅಳಿಯ ಸಂಜೆ ಫೋನ್ ಮಾಡುವುದನ್ನು ನಿಲ್ಲಿಸಿದರು. ಬಡಿಸಿದ ಕೂಡಲೇ ಬಂದು ಕೂಡುತ್ತಿದ್ದರು, ಹಾಕಿದ್ದನ್ನು ಉಣ್ಣುತ್ತಿದ್ದರು, ಕೈ ತೊಳೆದು ಮೇಲೆ ಹೋಗುತ್ತಿದ್ದರು. ಯಾವ ಅತ್ತೆ ಬೇಡ ಎಂದಾಳು ಇದನ್ನು? ನಾನು ಮಾತ್ರ ಬಡಿಸುತ್ತ ಕಣ್ಣನ್ನು ಗೋಡೆಯ ಫೋನಿನ ಕಡೆಗೇ ಇಟ್ಟಿರುತ್ತಿದ್ದೆ. ಆ ಕಾರಿನ ಗೆಳೆಯನಿಗೆ ಬರುತ್ತೇನೆಂದು ಹೇಳಿಯೂ ಬಿಟ್ಟರು. ಉಂಡೆ ಇಡಲು ನನಗೆ ಮನಸ್ಸಾಗಲಿಲ್ಲ.

ಕೂಸು ಹುಟ್ಟಿದ ಐದನೇ ದಿನ ಶೆಟಿಗೆವ್ವನ ಪೂಜೆ. ಗೊತ್ತಿಲ್ಲದವರಿಗೆ ಹೇಳುತ್ತೇನೆ, ಆ ದಿನ ಶೆಟಿಗೆವ್ವ ತಾಯಿ ಬಂದು ಕೂಸಿನ ಹಣೆಬರಹ ಬರೆದು ಹೋಗುತ್ತಾಳೆ. ಬರೆಯಲು ಬೇಕಲ್ಲ ಎಂದು ನಾವು ಕೂಸಿನ ತಲೆದಿಂಬಿನ ಹತ್ತಿರ ಒಂದು ಹಾಳೆ, ಒಂದು ಪೆನ್ನು ಇಡುತ್ತೇವೆ. ನನಗೋ ಉತ್ಸಾಹ, ಸಾಧಾರಣ ಪೆನ್ನು ಏಕೆ? ಅಪ್ಪ ಅಷ್ಟು ಓದಿದವನು, ಆಕಾಶದಿಂದ ಸಮುದ್ರ ನೋಡಿ ಬರೆಯುವವನು, ಅವನ ಪೆನ್ನಿನಿಂದಲೇ ಬರೆಯಲಿ ತಾಯಿ ಎಂದು ಗೂಟಕ್ಕೆ ಹಾಕಿದ್ದ ಅಳಿಯನ ಅಂಗಿಯಿಂದ ಪೆನ್ನು ತೆಗೆದು ದಿಂಬಿನ ಹತ್ತಿರ ಇಟ್ಟೆ. ಅರಿಶಿನ ಕುಂಕುಮ ಹಚ್ಚಿದೆ. ಸಂಜೆ ಅವರು ಬಾಗಿಲಲ್ಲಿ ನಿಂತು ನೋಡಿದರು. ಒಂದೇ ಹೆಜ್ಜೆಗೆ ಒಳಗೆ ಬಂದು ಪೆನ್ನನ್ನು ಕಿತ್ತುಕೊಂಡರು. ಕುಂಕುಮ ಚೆಲ್ಲಿತು.

"ಈ ಪೆನ್ನಿಲೆ ಬ್ಯಾಡ್ರಿ! ನನ್ನ ಕೂಸಿನ ಹಣಿಬರಹ ಈ ಪೆನ್ನಿಲೆ ಬ್ಯಾಡ!"

ಎಂದೂ ದನಿ ಎತ್ತದ ಮನುಷ್ಯ. ಕೂಸು ಬೆಚ್ಚಿ ಅತ್ತಿತು. ಅವರು ಅದರ ಕಡೆ ಒಂದು ಕೈ ಚಾಚಿದರು, ಆ ಕೈಯಲ್ಲಿದ್ದ ಪೆನ್ನನ್ನು ನೋಡಿದರು, ಕೈ ಹಿಂದೆ ತೆಗೆದುಕೊಂಡು ಹೊರಗೆ ಹೋದರು. ನೆಗಡಿ, ಎಣ್ಣೆ ಎಲ್ಲ ಏನೆಂದು ನನಗೆ ಆಗ ತಿಳಿಯಿತು. ಗಿರಿಜಾ ಗೋಡೆಯ ಕಡೆ ತಿರುಗಿ ಮಲಗಿದಳು. ನಾನು ನಮ್ಮವರ ಅಂಗಡಿಯ ಮೊಂಡು ಪೆನ್ಸಿಲ್ ತಂದು ಇಟ್ಟೆ. ತಾಯಿ ಅದರಿಂದಲೇ ಏನು ಬರೆದಳೋ.

ಎತ್ತಿ ಆಡಿಸಬೇಕಾದ ಅಪ್ಪ ಬದುಕಿದ್ದಾನೆ, ಮೈಮೇಲೆ ಒಳ್ಳೆಯ ಬಟ್ಟೆಯಿದೆ, ಒಂದೇ ಮನೆಯಲ್ಲಿದ್ದಾನೆ, ಆದರೆ ಕೂಸಿನ ಪಾಲಿಗೆ ಅವನೂ ತಿರುಗಿ ಬಂದಿಲ್ಲ. ನಾನು ಯಾರಿಗೆ ಫೋನ್ ಮಾಡಿ ಕೇಳಲಿ?

ಫೋನು ತಾನಾಗಿ ಬಂತು. ಒಂದು ರವಿವಾರ ಮಧ್ಯಾಹ್ನ. ಯಜಮಾನರು ಅಂಗಡಿಯಲ್ಲಿ, ಗಿರಿಜಾ ಎಣ್ಣೆ ಹಚ್ಚಿಕೊಂಡು ಬಚ್ಚಲಲ್ಲಿ, ಕೂಸು ಒಳಕೋಣೆಯ ತೊಟ್ಟಿಲಲ್ಲಿ. ನನ್ನ ಎರಡೂ ಕೈ ಜೋಳದ ಹಿಟ್ಟಿನಲ್ಲಿ. ಅಳಿಯ ಮೆಟ್ಟಿಲ ಮೇಲೆ ಕುಳಿತು ಪತ್ರಿಕೆಯನ್ನು ಓದದೆ ಹಿಡಿದುಕೊಂಡಿದ್ದರು. ಎದ್ದು ಬರುತ್ತಾರೆಂದು ನೋಡಿದೆ, ಬರಲಿಲ್ಲ. ಮೊಣಕೈಯಿಂದ ರಿಸೀವರ್ ಎತ್ತಿ ಕಿವಿ-ಭುಜದ ನಡುವೆ ಸಿಕ್ಕಿಸಿಕೊಂಡೆ.

"ಏನವ್ವ, ನಿಮ್ಮ ಅಳಿಯ ಎಲ್ಲದಾನ?"

ನೂಕಮ್ಮ! ದನಿ ಒಡೆದು ಬೇರೆಯೇ ಆಗಿತ್ತು. ಮಗನನ್ನು ಕಳೆದುಕೊಂಡವಳಿಗೆ ನನ್ನ ಬಜಾರಿನ ತೆಲುಗಿನಲ್ಲಿ ಯಾವ ಮಾತಿದೆ? ಬೆಲೆ ಕೇಳುವ ಮಾತು, ತೂಕದ ಮಾತು, ಇಷ್ಟೇ.

"ಇಲ್ಲೇ ಅದಾರ ತಂಗಿ," ಎಂದೆ.

"ಯಾಕ ಫೋನ್ ಮಾಡವಲ್ಲ? ಇಲ್ಲಿ ಉಳಿದವ್ರು ದಿನಾ ಹೋಗಾಕತ್ತಾರ. ಹೋಗದಿದ್ರ ಹೊಟ್ಟಿ ಕೇಳತೈತೇನು? ಅವರು ಬಂದ್ರೋ ಇಲ್ಲೋ ಅಂತ ನನ್ನ ಬಿಟ್ರ ಕೇಳೋರಿಲ್ಲ. ನಾನೊಬ್ಬಾಕಿನ ಎಷ್ಟಂತ ದಂಡಿ ಕಾಯ್ಲಿ?"

ಅಳಿಯನಿಗೆ ಯಾರ ದನಿಯೆಂದು ಗೊತ್ತಾಗಿತ್ತು. ಪತ್ರಿಕೆ ಕೆಳಗೆ ಬಿದ್ದಿತ್ತು.

"ಅವರಿಗೆ ಮಾತಾಡಾಕ ಆಗೂದಿಲ್ಲ ತಂಗಿ" ಎಂದೆ.

"ಬ್ಯಾಡ ಬಿಡು. ನನಗೂ ಆಗೂದಿಲ್ಲ." ಆಕೆ ಮೂಗು ಸೀಟಿಕೊಂಡದ್ದು ಕೇಳಿಸಿತು. "ಏನು ಹುಟ್ಟಿತವ್ವ?"

"ಹೆಣ್ಣು."

"ಕೂಸಿನ ದನಿ ಕೇಳಸು. ನಮ್ಮ ಮನಿಯಾಗ ಅಳೂದು ಬಿಟ್ರ ಏನೂ ಇಲ್ಲ. ಅದರ ಅಳುವರ ಕೇಳ್ತೀನಿ, ಅದು ಬ್ಯಾರೆ ಇರತೈತಿ."

ಒಳಗೆ ಕೂಸು ಅದಾಗಲೇ ಎದ್ದು ಕಿರುಚುತ್ತಿತ್ತು. ಆದರೆ ಫೋನಿನ ವೈರು ಒಳಕೋಣೆಯವರೆಗೆ ಬರುವುದಿಲ್ಲ, ನನ್ನ ಕೈ ಮೊಣಕೈಯವರೆಗೆ ಹಿಟ್ಟು. ಕೈ ತೊಳೆದು ಬರಬಹುದಿತ್ತು, ಇಲ್ಲವೆನ್ನುವುದಿಲ್ಲ. ನಾನು ತೊಳೆಯಲಿಲ್ಲ.

"ಅಳಿಯಂದ್ರ, ಕೂಸಿನ ಎತ್ಕೊಂಡು ಬರ್ರಿ. ನೂಕಮ್ಮ ಕೇಳಾಕತ್ತಾಳ."

ಅವರು ಎದ್ದು ನಿಂತರು. ಎರಡೂ ಕೈ ಮುಂದೆ ಹಿಡಿದು ನೋಡಿಕೊಂಡರು. ನಾನು ಮೊಣಕೈಯಿಂದ ಒಳಕೋಣೆಯ ಕಡೆ ತೋರಿಸಿದೆ. ಅವರು ಒಳಗೆ ಹೋದರು. ಅಳು ನಿಂತಿತು.

ಹೊರಗೆ ಬಂದರು. ಎತ್ತಿಕೊಳ್ಳಲು ಬಾರದವರ ಎತ್ತಿಕೊಳ್ಳುವಿಕೆ, ಒಂದು ಕಾಲು ಬಟ್ಟೆಯಿಂದ ಹೊರಗೆ ಜೋತಾಡುತ್ತಿತ್ತು. ಕೂಸು ಅಪ್ಪನ ಮುಖವನ್ನು ಮೊದಲ ಸಲ ಇಷ್ಟು ಹತ್ತಿರದಿಂದ ನೋಡುತ್ತಿತ್ತಲ್ಲ, ಬಾಯಿ ಅರ್ಧ ತೆರೆದು ಹಾಗೇ ಇತ್ತು. ಹಗಲೂ ರಾತ್ರಿ ಓಣಿ ಎಬ್ಬಿಸುವ ಮಹಾತಾಯಿ, ಬೇಕಾದಾಗ ಉಸಿರು ಬಿಡಲಿಲ್ಲ! ನಾನು ಬಾಗಿ ಹಿಟ್ಟಿನ ಕೈಯಲ್ಲೇ ರಿಸೀವರನ್ನು ಅದರ ಬಾಯಿಯ ಹತ್ತಿರ ಹಿಡಿದೆ. ಒಂದು ಬಿಕ್ಕಳಿಕೆ ಬಂತು. ಅಷ್ಟೇ.

"ಅಳವಲ್ಲದು" ಎಂದಳು ನೂಕಮ್ಮ ಆ ಕಡೆಯಿಂದ.

"ಎತ್ಕೊಂಡ ಮ್ಯಾಲ ಸುಮ್ಮನಾತು ತಂಗಿ."

"ಯಾರು ಎತ್ಕೊಂಡಾರ?"

"ಅವರಪ್ಪ."

ಆ ಒಡೆದ ದನಿ ಇನ್ನೂ ಸಣ್ಣದಾಗಿ ಬಂತು.

"ಬಿಗಿ ಹಿಡ್ಕೊಳ್ಳಾಕ ಹೇಳವ್ವ."

ನಾನು ತಲೆ ಎತ್ತಿದೆ. ಹೇಳಬೇಕಾಗಲಿಲ್ಲ. ಅವರು ಮೆಟ್ಟಿಲ ಮೇಲೆ ಕುಳಿತುಬಿಟ್ಟಿದ್ದರು, ಆ ಪುಟ್ಟ ಕಾಲನ್ನು ಬಟ್ಟೆಯೊಳಗೆ ಸೇರಿಸಿ, ಕೂಸಿನ ತಲೆಯನ್ನು ತಮ್ಮ ಕುತ್ತಿಗೆಗೆ ಒತ್ತಿಕೊಂಡು, ಅಳುತ್ತಿದ್ದರು. ನಾನು ರಿಸೀವರನ್ನು ಅವರ ಕಡೆ ತಿರುಗಿಸಿ ಹಿಡಿದುಕೊಂಡು ನಿಂತೆ. ಆಕೆ ಕೇಳಿಸಿಕೊಂಡಳು.